ಹಸು ತಿಂದ ರೆಕ್ಕೆ

ಎಂಜಿನ್ ಏಕೆ ನಿಂತಿತು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಿದೆ ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದೆ. ಪೆಟ್ರೋಲಿನಲ್ಲಿ ನೀರು ಸೇರಿತ್ತು ಎಂದು ಕೇಳಿದವರಿಗೆಲ್ಲ ಹೇಳಿದೆ, ಕೇಳದವರಿಗೂ ಹೇಳಿದೆ. ಆದರೆ ಬರೆಯಲು ಕೂತರೆ ಕೈ ತಡೆಯುತ್ತದೆ. ಆ ವಿಮಾನದಲ್ಲಿ ಪೆಟ್ರೋಲನ್ನು ಬಿಡುವ, ನಿಲ್ಲಿಸುವ ಹಿತ್ತಾಳೆಯ ತಿರುಪು ಚಾಲಕನ ಎಡಮೊಣಕಾಲಿನ ಪಕ್ಕದಲ್ಲೇ ಇತ್ತು. ಗಾಳಿಯ ಹೊಡೆತಕ್ಕೆ ವಿಮಾನ ಕುಲುಕಿದಾಗ ಮೊಣಕಾಲು ಅದಕ್ಕೆ ತಾಗುವುದುಂಟು. ನೆಲಕ್ಕೆ ಇಳಿದ ಮೇಲೆ ಆ ತಿರುಪನ್ನು ಮುಚ್ಚಬೇಕೆಂಬುದು ನಮಗೆ ಕಲಿಸಿದ ನಿಯಮ. ನಾನು ಇಳಿದೆ, ನಿಯಮದಂತೆ ತಿರುಪಿನ ಮೇಲೆ ಕೈ ಇಟ್ಟೆ. ಹಿತ್ತಾಳೆ ಬಿಸಿಯಾಗಿದ್ದದ್ದು ನೆನಪಿದೆ. ಅದು ನನ್ನ ಕೈಯಲ್ಲಿ ತಿರುಗಿತೋ, ಮೊದಲೇ ತಿರುಗಿಕೊಂಡಿತ್ತೋ ನೆನಪಿಲ್ಲ.

ಕಾಲೇಜಿನಲ್ಲಿ ನಾನು ಓದಿದ್ದು ಭೌತಶಾಸ್ತ್ರ. ಪ್ರಯೋಗಕ್ಕೆ ಒಬ್ಬನೇ ಸಾಕ್ಷಿಯಿದ್ದು, ಫಲಿತಾಂಶದಿಂದ ಅವನಿಗೇ ಲಾಭವಿದ್ದರೆ ಆ ಪ್ರಯೋಗವನ್ನು ಮತ್ತೆ ಮಾಡು ಎಂದು ನಮ್ಮ ಮೇಷ್ಟರು ಹೇಳುತ್ತಿದ್ದರು. ಇದನ್ನು ಮತ್ತೆ ಮಾಡುವಂತಿಲ್ಲ. ಆದ್ದರಿಂದ ಓದುವವರು ನನ್ನನ್ನು ಒಂದಿಷ್ಟು ಅನುಮಾನದಿಂದಲೇ ಓದಲಿ. ಆದರೆ ನನ್ನನ್ನು ಅನುಮಾನಿಸುವ ಕೆಲಸದಲ್ಲಿ ಮೊದಲ ಹಕ್ಕು ನನ್ನದು. ಏನನ್ನೂ ನೋಡದವರು ಬಂದು ಹುಡುಗ ಎಡವಟ್ಟು ಮಾಡಿದ ಎಂದು ತೀರ್ಪು ಕೊಟ್ಟರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಆಗಲೂ ಆಗಿರಲಿಲ್ಲ.

ಮಹಾರಾಜರ ಕಾಲ. ರಾಮನಗರವನ್ನು ಆಗ ಎಲ್ಲರೂ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಅಲ್ಲಿ ನಮ್ಮ ತಂದೆಯದು ದಿನಸಿ ಅಂಗಡಿ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಗಲ್ಲಾಪೆಟ್ಟಿಗೆಯ ಮೇಲೆ ಬಸವಣ್ಣನ ಪಟ. ಆ ಮನೆಯಿಂದ ಬಂದ ನಾನು ಬೆಂಗಳೂರಿನಲ್ಲಿ ಪದವಿ ಮುಗಿಸಿ, ಕೆಲಸ ಹುಡುಕುವ ಬದಲು ಹಾರಾಟ ಕಲಿಸುವ ಒಂದು ಸಂಘಕ್ಕೆ ಸೇರಿಕೊಂಡಿದ್ದೆ. ಸಂಘದ ಶಿಕ್ಷಕರು ಇಂಗ್ಲೆಂಡಿನವರು, ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು, ನೂರು ಕಿಲೋಗೆ ಹತ್ತಿರದ ಆಳು. ಎಲ್ಲರೂ ಅವರನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು.

ಸಂಘದ ವಿಮಾನ ಎರಡು ಜೊತೆ ರೆಕ್ಕೆಗಳ ಒಂದು ಪುಟ್ಟ ಯಂತ್ರ. ಯಾರೋ ಕಾಫಿ ತೋಟದ ದೊರೆ ಸಾಕಷ್ಟು ಹಾರಿಸಿ, ಬೇಸರವಾಗಿ ಬಿಟ್ಟದ್ದು. ಒಂದರ ಹಿಂದೆ ಒಂದು ಎರಡು ತೆರೆದ ಕುರ್ಚಿ. ಮುಂದಿನದರಲ್ಲಿ ಶಿಕ್ಷಕ, ಹಿಂದಿನದರಲ್ಲಿ ಶಿಷ್ಯ. ಒಬ್ಬನೇ ಹಾರುವಾಗ ಹಿಂದೆಯೇ ಕೂರಬೇಕು, ಇಲ್ಲದಿದ್ದರೆ ತೂಕ ಸರಿಹೊಂದುವುದಿಲ್ಲ. ಮೂಗಿನಲ್ಲಿ ಮರದ ಪ್ರೊಪೆಲ್ಲರ್. ಮೈಗೆ ತೆಳು ಹಲಗೆ, ರೆಕ್ಕೆಗೆ ಮರದ ಎಲುಬು, ಎಲುಬಿನ ಮೇಲೆ ಬಟ್ಟೆ. ಬಟ್ಟೆ ತಮಟೆಯ ಹಾಗೆ ಬಿಗಿಯಲೆಂದು ಡೋಪ್ ಎಂಬ ಘಾಟು ವಾಸನೆಯ ಅಂಟುಬಣ್ಣ ಬಳಿಯುತ್ತಿದ್ದರು.

ಈಗ ಆ ಜಾತಿಯ ವಿಮಾನವನ್ನು ನೋಡಿ ಆಟದ ಸಾಮಾನು ಎಂದು ನಗುವವರಿದ್ದಾರೆ. ಆ ಕಾಲದ ಯಂತ್ರಗಳೇ ಯಂತ್ರಗಳು ಎಂದು ಕಣ್ಣಿಗೆ ಒತ್ತಿಕೊಳ್ಳುವವರೂ ಇದ್ದಾರೆ. ಎರಡು ಗುಂಪಿನವರೂ ಅದರಲ್ಲಿ ಕೂತವರಲ್ಲ. ಅದಕ್ಕೆ ಬ್ರೇಕ್ ಇರಲಿಲ್ಲ. ಎಂಜಿನ್ ಶುರು ಮಾಡಲು ಗುಂಡಿ ಇರಲಿಲ್ಲ, ಒಬ್ಬ ಎದುರಿಗೆ ನಿಂತು ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ, ತನ್ನ ತಲೆ ಉಳಿಸಿಕೊಂಡು ಹಿಂದೆ ಸರಿಯಬೇಕು. ನೆಲದ ಮೇಲಿದ್ದಾಗ ಅದರ ಮೂಗು ಆಕಾಶ ನೋಡುತ್ತಿರುತ್ತದೆ, ಎದುರಿಗೆ ಏನಿದೆಯೆಂದು ಚಾಲಕನಿಗೆ ಕಾಣುವುದಿಲ್ಲ. ಹಾವಿನ ಹಾಗೆ ಅತ್ತ ಇತ್ತ ಹೊರಳಿಸಿ ನೋಡಿಕೊಂಡು ಹೋಗಬೇಕು. ಬಿಸಿಲೇರಿದರೆ ಅದಕ್ಕೆ ಏದುಸಿರು. ಶಿಕ್ಷಕ ಶಿಷ್ಯನ ಜೊತೆ ಮಾತಾಡಲು ಒಂದು ರಬ್ಬರ್ ಕೊಳವೆ ಇತ್ತು. ಅದರಲ್ಲಿ ಬೈಗುಳ ಸ್ಪಷ್ಟವಾಗಿ ಬರುತ್ತಿತ್ತು, ಉತ್ತರ ಹೋಗುತ್ತಿರಲಿಲ್ಲ.

ಇಷ್ಟೆಲ್ಲ ಇದ್ದೂ ನಾನು ಅದರ ಪರ. ಏಕೆಂದರೆ ಎಂಜಿನ್ ಸತ್ತರೆ ಆ ವಿಮಾನ ಸಾಯುವುದಿಲ್ಲ. ಇದನ್ನು ಪುಸ್ತಕದಿಂದ ಹೇಳುತ್ತಿಲ್ಲ.

ಅಂದು ನನ್ನ ಪರೀಕ್ಷೆ. ಒಬ್ಬನೇ ಹೊರಟು ಮಾಗಡಿ, ಅಲ್ಲಿಂದ ಚನ್ನಪಟ್ಟಣ, ಅಲ್ಲಿಂದ ಕನಕಪುರ, ಮತ್ತೆ ಬೆಂಗಳೂರು. ಎಲ್ಲೂ ಇಳಿಯದೆ ಸುತ್ತಿಬಂದರೆ ಪರವಾನಗಿ. ಮಾರ್ಚ್ ತಿಂಗಳು, ಹೊರಡುವುದು ತಡವಾಗಿ ಬಿಸಿಲು ಆಗಲೇ ಏರಿತ್ತು. ಸಾವನದುರ್ಗದ ಬಂಡೆ ದಾಟುವಾಗ ಕಾದ ಕಲ್ಲಿನ ಗಾಳಿ ಕೆಳಗಿನಿಂದ ಗುದ್ದಿತು, ಮೊರದಲ್ಲಿ ಕೇರುವ ಕಾಳಿನ ಹಾಗೆ ಕುರ್ಚಿಯಿಂದ ಎಗರಿದೆ. ಚನ್ನಪಟ್ಟಣದಲ್ಲಿ ರೈಲುಹಳಿ ಸಿಕ್ಕಿತು. ಅಲ್ಲಿಂದ ಪೂರ್ವಕ್ಕೆ ತಿರುಗಿ, ಎಡಕ್ಕೆ ನಮ್ಮೂರಿನ ಬಂಡೆಗಳನ್ನು ನೋಡುತ್ತ ಕೈಲಾಂಚ ಎಂಬ ಹಳ್ಳಿಯ ಮೇಲೆ ಬಂದಾಗ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು.

ನಿಂತ ಕೂಡಲೇ ರೆಕ್ಕೆಗಳನ್ನು ಬಿಗಿದ ತಂತಿಗಳ ನಡುವೆ ಗಾಳಿ ಹಾಡುವುದು ಕೇಳಿಸಿತು. ಭಯವಾಯಿತೇ? ಆಗಿರಲೇಬೇಕು. ನೆನಪಿರುವುದು ಮಾತ್ರ ಒಂದು ಬಗೆಯ ಬಿಡುವು. ಮೂಗು ತಗ್ಗಿಸಿದೆ, ವಿಮಾನ ಆತುರವಿಲ್ಲದೆ ಜಾರುತ್ತ ಇಳಿಯಿತು. ಕೆಳಗೆ ಹಿಪ್ಪುನೇರಳೆ ತೋಟಗಳ ಹಸಿರು ಚೌಕಗಳು, ರಾಗಿ ಕೊಯ್ದ ಹೊಲಗಳು, ಅವುಗಳ ಮಧ್ಯೆ ನೀರು ಬತ್ತಿದ ಒಂದು ಕೆರೆಯಂಗಳ. ಎದುರು ತುದಿಯಲ್ಲಿ ಹೊಂಗೆಮರ ಬೆಳೆದ ಏರಿ. ಗಾಳಿ ಏರಿಯ ಕಡೆಯಿಂದ ಬೀಸುತ್ತಿತ್ತು. ಕೆರೆಯಂಗಳದಲ್ಲಿ ಇಳಿದೆ. ಮಳೆಗಾಲದ ಕೆಸರಿನಲ್ಲಿ ಎಮ್ಮೆಗಳು ಬಿಟ್ಟ ಗೊರಸಿನ ಗುಳಿಗಳು ಒಣಗಿ ಕಲ್ಲಾಗಿದ್ದವು. ಬಾಲ ಅವುಗಳ ಮೇಲೆ ಬಡಿದು, ಬಾಲದಡಿಯ ಮರದ ಊರುಗೋಲು ಮುರಿಯಿತು. ಎಡರೆಕ್ಕೆಯ ತುದಿ ಒಂದು ಜಾಲಿ ಪೊದೆಗೆ ತಾಗಿ ಅಂಗೈಯಗಲ ಬಟ್ಟೆ ಹರಿಯಿತು. ಅಷ್ಟೇ. ಈಗಿನ ದೊಡ್ಡ ವಿಮಾನವೊಂದು ಎಂಜಿನ್ ಇಲ್ಲದೆ ಆ ಕೆರೆಯಲ್ಲಿ ಇಳಿದಿದ್ದರೆ ಇದನ್ನು ಬರೆಯಲು ಯಾರೂ ಉಳಿಯುತ್ತಿರಲಿಲ್ಲ.

ಅರ್ಧ ಊರು ಓಡಿಬಂತು. ಮೊದಲು ಮುಟ್ಟಿ ನೋಡಿದವರು ಊರಿನ ಪಟೇಲರಾದ ಗೌಡರು. ರೆಕ್ಕೆಯನ್ನು ಬೆರಳಿನಿಂದ ತಟ್ಟಿ ಪಕ್ಕದವನಿಗೆ ಹೇಳಿದರು: "ಬಟ್ಟೆ ಕಣ್ಲಾ. ಬರೀ ಬಟ್ಟೆ."

"ಕಬ್ಬಿಣ ಅಂದ್ರಲ್ಲ ಗೌಡ್ರೇ ಪ್ಯಾಟೆಯೋರು?"

"ಪ್ಯಾಟೆಯೋರು ಏನ್ ಮುಟ್ಟಿ ನೋಡವ್ರಾ?" ಆಮೇಲೆ ನನ್ನ ಕಡೆ ತಿರುಗಿ, "ಸಾಮಿ, ನೀವು ಬೇಕೂಂತ ಇಳುದ್ರೋ, ಬಿದ್ರೋ?"

"ಇಳಿದೆ ಗೌಡರೇ."

"ಇಳುದ್ರಂತೆ ಕಣ್ಲಾ," ಎಂದರು ಗೌಡರು, ಮುರಿದ ಊರುಗೋಲನ್ನು ಕಾಲಿನಿಂದ ಉರುಳಿಸುತ್ತ.

ಅವರ ತಾಯಿ, ಎಪ್ಪತ್ತು ದಾಟಿದ ಅಜ್ಜಿ, ವಿಮಾನವನ್ನು ನೋಡಲೇ ಇಲ್ಲ, ನನ್ನನ್ನೇ ನೋಡಿದರು. "ಯಾರ ಮನೆ ಕೂಸಪ್ಪ ನೀನು?" ಹೇಳಿದೆ. "ದಿನಸಿ ಅಂಗ್ಡಿ ಸಾಮೇರ ಮಗನಾ? ನೀನು ಇಂಗೆ ಆಕಾಸದಾಗೆ ತಿರುಗೋದು ನಿಮ್ಮಪ್ಪಂಗೆ ಗೊತ್ತೈತಾ?"

"ಗೊತ್ತಿದೆ ಅಜ್ಜಿ."

"ಗೊತ್ತಿದ್ದೂ ಸುಮ್ಕವ್ನಾ. ಒಸಿ ಮಜ್ಜಿಗೆ ಕುಡಿ ಬಾ."

ಮಜ್ಜಿಗೆ ಕುಡಿದು, ಗಾಡಿಯಲ್ಲಿ ಕ್ಲೋಸ್‌ಪೇಟೆ ಸ್ಟೇಷನ್ನಿಗೆ ಹೋಗಿ ಸಂಘಕ್ಕೆ ತಂತಿ ಕೊಟ್ಟೆ: ಎಂಜಿನ್ ನಿಂತು ಇಳಿದಿದ್ದೇನೆ, ಹಾನಿ ಅಲ್ಪ. ಉತ್ತರಕ್ಕೆ ಕಾಯದೆ ಹಿಂತಿರುಗಿ ಬಂದೆ. ಆಮೇಲೆ ಮಾಡಿದ ಕೆಲಸವನ್ನು ಯಾರ ಮೇಲೂ ಹೊರಿಸುವಂತಿಲ್ಲ. ಅದಕ್ಕೆ ಒಬ್ಬನೇ ಕರ್ತೃ, ಅವನು ಬಿ.ಎಸ್ಸಿ. ಪಾಸಾದವನು.

ಹರಿದ ಬಟ್ಟೆ ಗಾಳಿಗೆ ಇನ್ನಷ್ಟು ಹರಿಯದಿರಲಿ ಎಂದು ತೇಪೆ ಹಾಕಬೇಕೆನಿಸಿತು. ಕೈಯಲ್ಲಿ ಡೋಪ್ ಇರಲಿಲ್ಲ. ನಮ್ಮ ಕಡೆ ಮಗ್ಗದ ನೂಲಿಗೆ, ಪೇಟಕ್ಕೆ, ಕಾಗದದ ಗಾಳಿಪಟಕ್ಕೆ ಎಲ್ಲಕ್ಕೂ ಗಂಜಿಯೇ ಅಂಟು, ಗಂಜಿಯೇ ಬಿಗಿ. ಗೌಡರ ಮನೆಯಲ್ಲಿ ರಾಗಿ ಗಂಜಿ ಮಾಡಿಸಿ, ಅಂಗವಸ್ತ್ರದ ತುಂಡೊಂದನ್ನು ಅದರಲ್ಲಿ ಅದ್ದಿ ರೆಕ್ಕೆಗೆ ಮೆತ್ತಿದೆ. ಬಿಸಿಲಿಗೆ ಗಟ್ಟಿಯಾಗಿ ಕೂತಿತು. ನನ್ನ ಬಗ್ಗೆ ನನಗೆ ಹೆಮ್ಮೆಯೂ ಆಯಿತು.

ಬಿಸಿಲು ಮರದ ಎಲುಬುಗಳಿಗೆ ಒಳ್ಳೆಯದಲ್ಲ. ಆ ವಿಮಾನದ ದೊಡ್ಡ ಗುಣವೊಂದಿತ್ತು: ಎರಡು ಕೀಲು ಬಿಚ್ಚಿದರೆ ರೆಕ್ಕೆಗಳು ಹಿಂದಕ್ಕೆ ಮಡಚಿಕೊಳ್ಳುತ್ತವೆ, ಮಡಚಿದರೆ ಎತ್ತಿನ ಗಾಡಿ ನುಗ್ಗುವ ಬಾಗಿಲಲ್ಲಿ ಅದೂ ನುಗ್ಗುತ್ತದೆ. "ನೆರಳಿನಲ್ಲಿ ಇಡಬೇಕು ಗೌಡರೇ" ಎಂದೆ. ಬೆಲೆಯುಳ್ಳದ್ದನ್ನು ಇಡಲು ಗೌಡರಿಗೆ ಗೊತ್ತಿದ್ದ ನೆರಳು ಒಂದೇ. ಆರು ಜನ ಬಾಲ ಎತ್ತಿ ಹಿಡಿದು, ಅದನ್ನು ಊರೊಳಗೆ ತಳ್ಳಿಕೊಂಡು ಹೋಗಿ ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿದರು. ಹಗ್ಗ ಹಾಕಿ ಗೂಟಕ್ಕೂ ಕಟ್ಟಿದರು. ನಾನೇ ಗಂಟು ಪರೀಕ್ಷಿಸಿ, ಸರಿಯಾಗಿದೆ ಎಂದೆ.

ಬೆಳಗ್ಗೆ ಹೋಗಿ ನೋಡಿದರೆ ತೇಪೆ ಇರಲಿಲ್ಲ. ತೇಪೆಯ ಸುತ್ತಲಿನ ರೆಕ್ಕೆಯೂ ಇರಲಿಲ್ಲ. ಮೊರದಗಲ ತೂತಿನೊಳಗೆ ಎಲುಬುಗಳು ಕಾಣುತ್ತಿದ್ದವು, ಪಕ್ಕದ ಗೂಟದ ಕಂದು ಹಸು ಬಟ್ಟೆಯ ಎಳೆಯೊಂದನ್ನು ಇನ್ನೂ ಮೆಲುಕು ಹಾಕುತ್ತಿತ್ತು. ಗಂಜಿಯ ಆಸೆಗೆ ಬಾಯಿ ಇಟ್ಟದ್ದು ಡೋಪಿನ ರುಚಿಯನ್ನೂ ಕಂಡುಕೊಂಡಿತ್ತು. ಡೋಪ್ ಬಳಿದ ಬಟ್ಟೆಯೆಂದರೆ ದನಗಳಿಗೆ ಇಷ್ಟ ಎಂಬುದು ಎಲ್ಲ ದೇಶಗಳ ಚಾಲಕರಿಗೂ ಗೊತ್ತಿರುವ ಸಂಗತಿಯಂತೆ. ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ.

ಗೌಡರು ಬಂದು ನಿಂತು, ತುಂಬ ಹೊತ್ತು ನೋಡಿ, "ಹಸೀಗೆ ಏನೂ ಆಗಕಿಲ್ವಾ ಸಾಮಿ?" ಎಂದು ಕೇಳಿದರು.

ಅದೇ ಬೆಳಗ್ಗೆ ಸ್ಟೇಷನ್ನಿನಿಂದ ತಂತಿಯ ಉತ್ತರ ಬಂತು. ಕ್ಯಾಪ್ಟನ್ ಕೊಟ್ಟದ್ದು. ಮೆಕ್ಯಾನಿಕ್ ಬರುತ್ತಾನೆ, ವಿಮಾನವನ್ನು ಬಿಚ್ಚಿ ಗಾಡಿಗಳಲ್ಲಿ ರೈಲಿಗೆ ಸಾಗಿಸಿ. ಶುಕ್ರವಾರ ನಾನೇ ಬಂದು ನೋಡುತ್ತೇನೆ. ನಿನ್ನ ಹಾರಾಟ ಇಲ್ಲಿಗೆ ಮುಗಿಯಿತು.

ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ. ಎಂಜಿನ್ ಏಕೆ ನಿಂತಿತೆಂದು ಯಾರೂ ಕೇಳಿರಲಿಲ್ಲ. ಎಂಜಿನ್ ನಿಂತ ಮೇಲೆ ಜೀವ ಹೋಗದಂತೆ, ವಿಮಾನ ಮುರಿಯದಂತೆ ಇಳಿದದ್ದು ಯಾವ ಲೆಕ್ಕಕ್ಕೂ ಬಂದಿರಲಿಲ್ಲ. ವಿಮಾನ ಗಾಡಿಯ ಮೇಲೆ ಮೂಟೆಯಾಗಿ ಹೋದರೆ ಹುಡುಗ ಅದನ್ನು ಕೆಡವಿದ ಎಂಬುದಕ್ಕೆ ಆ ಗಾಡಿಯೇ ಪುರಾವೆ. ತನ್ನ ರೆಕ್ಕೆಯ ಮೇಲೆ ಹೋದರೆ ಆ ಮಾತು ನಿಲ್ಲುವುದಿಲ್ಲ. ಗಾಡಿಗಳನ್ನು ಗೊತ್ತು ಮಾಡಲು ಬಂದ ಗೌಡರಿಗೆ ಬೇಡವೆಂದೆ.

ಸಂಜೆ ಮೆಕ್ಯಾನಿಕ್ ಬಂದ. ಚನ್ನಪಟ್ಟಣದ ಸಾಬರ ಮನೆಯವನು, ಅವನ ಅಣ್ಣಂದಿರು ಇನ್ನೂ ಅಲ್ಲೇ ಬೊಂಬೆ ಕಡೆಯುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವನು, ನನ್ನ ಪದವಿಯ ಮೇಲೆ ಅವನಿಗೆ ಮೊದಲಿನಿಂದಲೂ ಒಂದು ಕಣ್ಣು. ತೂತು ನೋಡಿದ, ಹಸು ನೋಡಿದ, ನನ್ನನ್ನು ನೋಡಿದ.

"ಗಂಜಿ ಹಾಕಿದ್ರಾ?"

"ಹಾಕಿದೆ."

"ಉಪ್ಪು ಒಸಿ ಕಮ್ಮಿ ಆಯ್ತೇನೋ. ಇಲ್ದಿದ್ರೆ ಬಾಲದ ತನಕ ತಿಂತಿತ್ತು. ಬಿ.ಎಸ್ಸಿ.ನಾಗೆ ಇದೇ ಕಲಿಸ್ತಾರಾ ಸಾರ್?"

"ಬಿಚ್ಚಬೇಡಿ ಮೇಸ್ತ್ರಿ," ಎಂದೆ. "ಸರಿ ಮಾಡೋಣ. ನಾನು ಹಾರಿಸಿಕೊಂಡು ಬರುತ್ತೇನೆ."

"ತಂತಿ ಬಂದೈತಲ್ಲ, ಓದಿಲ್ವಾ?"

"ಓದಿದ್ದೇನೆ. ಬಿಚ್ಚಬೇಡಿ."

ಅವನು ಬೀಡಿ ಹಚ್ಚಲು ಹೋಗಿ, ಹುಲ್ಲು ನೋಡಿ ಜೇಬಿಗೆ ಹಾಕಿಕೊಂಡ. ಅವನು ಒಪ್ಪಿದ್ದು ನನ್ನ ಮೇಲಿನ ಪ್ರೀತಿಗಲ್ಲ. ಬಿಚ್ಚುವುದು ಒಂದು ದಿನದ ಕೆಲಸ, ಮತ್ತೆ ಜೋಡಿಸಿ ಒಂದೊಂದು ತಂತಿಯನ್ನೂ ಹದಕ್ಕೆ ಬಿಗಿಯುವುದು ಒಂದು ತಿಂಗಳಿನದು. ಆ ತಿಂಗಳು ಅವನದು, ಕ್ಯಾಪ್ಟನ್‌ರದಲ್ಲ. "ಕಾರಿಗೆ ಕಟ್ಟಿ ಎಳೆಯೋಣ ಅಂತಾರೆ ನೋಡ್ತಿರಿ. ಈ ರಸ್ತೇಲಿ ಎಳುದ್ರೆ ಬೆಂಗ್ಳೂರಿಗೆ ಹಗ್ಗ ಮಾತ್ರ ಹೋಯ್ತದೆ," ಎಂದ. ಆಮೇಲೆ, "ಶುಕ್ರವಾರದ ತನಕ ಟೇಮು," ಎಂದ.

ಎಂಜಿನ್ನಿನ ಪೆಟ್ರೋಲ್ ಸೋಸುವ ಜಾಲರಿಯನ್ನು ಅವನು ಬಿಚ್ಚಿ, ಅದರಲ್ಲಿದ್ದುದನ್ನು ಅಂಗೈಗೆ ಸುರಿದುಕೊಂಡು, ಗುಂಡಗೆ ಹೊಳೆಯುವ ಒಂದು ನೀರಿನ ಹನಿಯನ್ನು ನನಗೆ ತೋರಿಸಿದ. ಇದು ನನ್ನ ಕಣ್ಣಮುಂದೆ ಇದೆ. ಆದರೆ ಎಷ್ಟೋ ವರ್ಷದ ನಂತರ ಅವನನ್ನು ಕೇಳಿದಾಗ, ಜಾಲರಿ ತೊಳೆದದ್ದು ನೆನಪಿದೆ, ಹನಿ ಗಿನಿ ನೆನಪಿಲ್ಲ ಎಂದ. "ನಿಮಗೆ ಬೇಕಿತ್ತು ಸಾರ್, ಅದಕ್ಕೇ ಕಾಣ್ತು," ಎಂದೂ ಸೇರಿಸಿದ.

ರೆಕ್ಕೆಗೆ ಬಟ್ಟೆ ಕೊಟ್ಟದ್ದು ಅಜ್ಜಿ. ಮಗ್ಗದ ಒಂದು ಹೊಸ ಪಂಚೆ, ದಪ್ಪ ನೂಲಿನದು. ಮೇಸ್ತ್ರಿ ಅದನ್ನು ಎರಡು ಕೈಯಲ್ಲಿ ಎಳೆದು ನೋಡಿ ಆಗಬಹುದು ಎಂದ. ರೆಕ್ಕೆಗೆ ಹಾಕುವ ಹೊಲಿಗೆಗೆ ಒಂದು ಕ್ರಮವಿದೆ, ಒಂದು ಕಡೆ ಕಿತ್ತರೂ ಉಳಿದದ್ದು ಬಿಡದಂತೆ ಅಲ್ಲಲ್ಲಿ ಗಂಟು ಬೀಳಬೇಕು. ಅವನು ನಾಲ್ಕು ಹೊಲಿಗೆ ಹಾಕಿ ತೋರಿಸಿದ. ಅಜ್ಜಿ ಸೂಜಿ ಕಿತ್ತುಕೊಂಡರು.

"ಬುಡಪ್ಪ, ನೀನು ಒಲಿಯಾದು ನೋಡುದ್ರೆ ಚೀಲದಾಗಿನ ರಾಗಿ ನಗ್ತವೆ."

ಅವರು ಹೊಲಿದರು, ನಾನು ರೆಕ್ಕೆಯ ಒಳಗಿನಿಂದ ಸೂಜಿಯನ್ನು ಹಿಂದಕ್ಕೆ ದೂಡಿದೆ. ಮೇಸ್ತ್ರಿ ತಂದಿದ್ದ ಒಂದೇ ಡಬ್ಬಿ ಡೋಪನ್ನು ಅದರ ಮೇಲೆ ಬಳಿದ. ಬಟ್ಟೆ ಒಣಗುತ್ತ ಬಿಗಿದು, ಬೆರಳಿನಿಂದ ತಟ್ಟಿದರೆ ಸದ್ದು ಕೊಡುವಂತಾಯಿತು. ಪಂಚೆಯ ಕೆಂಪು ಅಂಚು ಮಾತ್ರ ರೆಕ್ಕೆಯ ತುದಿಯಲ್ಲಿ ಎದ್ದು ಕಾಣುತ್ತಿತ್ತು. ಹಸುವನ್ನು ಪಕ್ಕದ ಮನೆಗೆ ಕಳಿಸಿದ್ದೆವು.

ಮರುದಿನ ಮೇಸ್ತ್ರಿ ಮುರಿದ ಊರುಗೋಲನ್ನು ಹಿಡಿದು ಚನ್ನಪಟ್ಟಣಕ್ಕೆ ಹೋಗಿ, ಅಣ್ಣನಿಂದ ಹೊಸದು ಮಾಡಿಸಿಕೊಂಡು ಬಂದ. ಬೊಂಬೆಗೆ ಬಳಸುವ ಹಾಲೆಮರ ಮೆದುವೆಂದು, ಗಾಡಿಯ ಅಚ್ಚಿಗೆ ಹಾಕುವ ಜಾಲಿಮರವನ್ನು ಕಡೆಸಿದ್ದ. ಚೀಲದಿಂದ ತೆಗೆದಾಗ ನನಗೆ ನಗು ತಡೆಯಲಾಗಲಿಲ್ಲ. ಉದ್ದಕ್ಕೂ ಕೆಂಪು ಅರಗು, ಮಧ್ಯೆ ಮೂರು ಹಳದಿ ಬಳೆ, ಕನ್ನಡಿಯಂಥ ಹೊಳಪು.

"ಬಣ್ಣ ಏಕೆ ಮೇಸ್ತ್ರಿ?"

"ಬ್ಯಾಡ ಅಂದೆ ಸಾರ್. ಕಡೆಯೋ ಚಕ್ರದಿಂದ ಇಳಿಸೋ ಮುಂಚೆ ಅರಗು ಹಿಡೀದಿದ್ರೆ ಅಣ್ಣನ ಕೈ ನಿಲ್ಲಲ್ಲ. ಬರೀ ಮರ ಮನೆಯಿಂದ ಆಚೆ ಕಳಿಸಿದ್ರೆ ಅವನಿಗೆ ಮರ್ಯಾದೆ ಹೋದಂಗೆ." ಕೋಲನ್ನು ಬಾಲದಡಿಗೆ ಹಿಡಿದು ನೋಡುತ್ತ ಹೇಳಿದ: "ಗೆದ್ದಲೂ ಹತ್ತಲ್ಲ ಬುಡಿ."

ಶುಕ್ರವಾರ ಮಧ್ಯಾಹ್ನ ಕ್ಯಾಪ್ಟನ್ ಬಂದರು. ಕಾರು ದೂರದಲ್ಲೇ ಮರಳಿನಲ್ಲಿ ಹೂತುಹೋಗಿ, ಕೊನೆಯ ಒಂದು ಮೈಲಿ ನಡೆದು ಬಂದಿದ್ದರಿಂದ ಮುಖ ಕೆಂಪಾಗಿತ್ತು. ಕೆರೆಯಂಗಳದಲ್ಲಿ ಗಾಡಿಗಳಿಲ್ಲ, ಕೊಟ್ಟಿಗೆಯಿಂದ ತಂದ ವಿಮಾನ ರೆಕ್ಕೆ ಹರಡಿ ನಿಂತಿತ್ತು. ಅವರು ಮೊದಲು ಬಗ್ಗಿ ನೋಡಿದ್ದು ಬಾಲದ ಕೆಂಪು ಕೋಲನ್ನು.

"ಇದೇನು, ತೊಟ್ಟಿಲಿನ ಕಾಲೇ?"

"ಜಾಲಿಮರ. ಮುರಿದದ್ದಕ್ಕಿಂತ ಗಟ್ಟಿ," ಎಂದೆ.

"ನಾನು ಬಿಚ್ಚಲು ಹೇಳಿದ್ದೆ."

"ಹೌದು. ನಾನು ಬೇಡವೆಂದೆ. ಮೇಸ್ತ್ರಿಯ ತಪ್ಪಿಲ್ಲ."

ನಮ್ಮ ಮಾತು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಸುತ್ತ ನಿಂತವರಿಗೆ ಅರ್ಥವಾಗದಿದ್ದರೂ ದನಿ ಅರ್ಥವಾಗುತ್ತಿತ್ತು. ಅವರು ರೆಕ್ಕೆಯನ್ನು ತಟ್ಟಿದರು, ತಂತಿಗಳನ್ನು ಎಳೆದರು, ಹೊಲಿಗೆಯ ಮೇಲೆ ಉಗುರಿನಿಂದ ಗೀರಿದರು. ತಪ್ಪು ಸಿಗಲಿಲ್ಲ. ಎಂಜಿನ್ ಹಚ್ಚಿಸಿ ಹತ್ತು ನಿಮಿಷ ಕೇಳಿದರು. ಅದೂ ತಪ್ಪದೆ ಓಡಿತು.

"ಸರಿ. ಬೆಳಗ್ಗೆ ನಾನು ಹಾರಿಸುತ್ತೇನೆ. ನೀನು ಕಾರಿನಲ್ಲಿ ಬಾ."

"ನಾನು ತಂದಿಳಿಸಿದ್ದು. ನಾನೇ ತೆಗೆದುಕೊಂಡು ಹೋಗುತ್ತೇನೆ."

"ನಿನ್ನ ಹಾರಾಟ ಮುಗಿದಿದೆ ಎಂದು ಬರೆದಿದ್ದೆ."

"ಎಂಜಿನ್ ಏಕೆ ನಿಂತಿತೆಂದು ನೀವು ಬರೆದಿರಲಿಲ್ಲ," ಎಂದೆ.

ಇಷ್ಟು ದಿಟ್ಟವಾಗಿ ಹೇಳಿದೆನೇ? ಮೇಸ್ತ್ರಿಗೆ ಇಂಗ್ಲಿಷ್ ಅರ್ಧಂಬರ್ಧ ಬರುತ್ತಿತ್ತು, ಅವನನ್ನು ಕೇಳಿದ್ದೇನೆ. ನೀವು ಏನೋ ಹೇಳಿದ್ರಿ, ದೊರೆ ಬಾಯಿ ಮುಚ್ಕೊಂಡ್ರು ಎಂದಷ್ಟೇ ಅವನ ಸಾಕ್ಷ್ಯ. ನಾನು ಅದನ್ನು ಸ್ವೀಕರಿಸುತ್ತೇನೆ.

ಬೆಳಗ್ಗೆ ಏರಿಯ ಕಡೆಯಿಂದ ತೆಳುಗಾಳಿ ಬೀಸುತ್ತಿತ್ತು. ಎದುರುಗಾಳಿಗೆ ಮುಖಮಾಡಿ ಏಳಬೇಕಾದ್ದರಿಂದ ಏರಿಯ ಕಡೆಗೇ ಓಡಬೇಕು, ಏರಿ ಬರುವ ಮೊದಲೇ ಎದ್ದು ಹೊಂಗೆಮರಗಳನ್ನು ದಾಟಬೇಕು. ಭಾರ ಇಳಿಯಲೆಂದು ಅರ್ಧ ಪೆಟ್ರೋಲ್ ಹೊರಗೆ ಸುರಿಸಿದೆವು. ಮುಂದಿನ ಕುರ್ಚಿಯ ದಿಂಬು, ಸಾಮಾನಿನ ಪೆಟ್ಟಿಗೆ ಎಲ್ಲ ಕೆಳಗಿಳಿದವು. ಗುಳಿಗಳನ್ನು ಗೌಡರು ಹಿಂದಿನ ದಿನವೇ ಗುದ್ದಲಿಯಿಂದ ಮಟ್ಟ ಮಾಡಿಸಿದ್ದರು. ಬ್ರೇಕ್ ಇಲ್ಲದ್ದಕ್ಕೆ ಗೌಡರ ಎಂಟು ಆಳು ಬಾಲ, ರೆಕ್ಕೆ ಹಿಡಿದು ನಿಂತರು. ಹಾರಿಸಲು ಕ್ಯಾಪ್ಟನ್ನೇ ಕೂತರು.

ಇಲ್ಲಿಂದ ಮುಂದೆ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ಕ್ಯಾಪ್ಟನ್ ಓಡಿಸುತ್ತಾರೆ. ಬಾಲ ಏಳುವುದು ತಡವಾಗುತ್ತದೆ, ಅವರು ನಡುವೆಯೇ ಎಂಜಿನ್ ತಗ್ಗಿಸಿ, ಏರಿಯ ಬುಡದಲ್ಲಿ ನಿಲ್ಲಿಸಿ, ತಿರುಗಿ ಬರುತ್ತಾರೆ. ಇನ್ನೊಂದರಲ್ಲಿ ಅವರು ಓಡಿಸುವುದೇ ಇಲ್ಲ. ಎಂಜಿನ್ ಗುಡುಗುತ್ತಿರುವಾಗ ಕುರ್ಚಿಯಲ್ಲಿ ಎದ್ದು ನಿಂತು ಏರಿಯನ್ನು ನೋಡಿ, ಇಳಿದುಬಿಡುತ್ತಾರೆ. ಮೊದಲನೆಯದು ನನಗೆ ಹೆಚ್ಚು ಇಷ್ಟ. ಆದ್ದರಿಂದಲೇ ಎರಡನೆಯದು ನಿಜವಿರಬೇಕೆಂದು ಅನುಮಾನ. ಎರಡರಲ್ಲೂ ಅವರು ಇಳಿದು ಬಂದು ಕೇಳುವ ಪ್ರಶ್ನೆ ಒಂದೇ.

"ನಿನ್ನ ತೂಕ ಎಷ್ಟು?"

ಅವರಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ. ಅದನ್ನು ಹೇಳಬೇಕಾಗಿರಲಿಲ್ಲ, ಕಾಣುತ್ತಿತ್ತು. ಆ ವಿಮಾನದ ಬಡ ಎಂಜಿನ್ನು, ಆ ಮಾರ್ಚ್ ತಿಂಗಳಿನ ಗಾಳಿಯಲ್ಲಿ, ಆ ಕೆರೆಯ ಅಳತೆಗೆ ಅವರ ಮೈಯನ್ನು ಎತ್ತುವುದಿಲ್ಲ. ನನ್ನದನ್ನು ಎತ್ತಬಹುದು. ಜನ ಅದರ ಕುಂದು ಎಂದು ಹಳಿಯುವುದು ಆ ಬೆಳಗ್ಗೆ ನನ್ನ ಪರ ಸಾಕ್ಷಿ ಹೇಳಿತು.

"ಏರಿಯ ಹತ್ತಿರ ಹೋಗುವ ತನಕ ಮೂಗು ಎತ್ತಬೇಡ. ಎತ್ತಬೇಕೆನಿಸುತ್ತದೆ. ಎತ್ತಬೇಡ," ಎಂದರು. ಒಳ್ಳೆಯ ಸಲಹೆ. ಅವರು ಒಳ್ಳೆಯ ಶಿಕ್ಷಕರಾಗಿದ್ದರು ಎಂಬುದನ್ನು ನಾನು ಎಂದೂ ಅಲ್ಲಗಳೆದಿಲ್ಲ.

ಮೇಸ್ತ್ರಿ ಪ್ರೊಪೆಲ್ಲರ್ ತಿರುಗಿಸಿದ. ಎಂಜಿನ್ ಪೂರ್ತಿ ಏರುವವರೆಗೂ ಹಿಡಿದಿರಿ, ನಾನು ಕೈ ಎತ್ತಿದಾಗ ಬಿಡಿ ಎಂದು ಹೇಳಿಕೊಟ್ಟಿದ್ದೆ. ಕೈ ಎತ್ತಿದೆ. ಸಂಕ್ರಾಂತಿಗೆ ಹೋರಿ ಹಿಡಿದು ರೂಢಿಯಾದ ಕೈಗಳು ಬಿಡಲಿಲ್ಲ. ಧೂಳಿನ ನಡುವೆ ಗೌಡರ ದನಿ ಕೇಳಿತು.

"ಬುಡ್ರಲಾ, ಬುಡಿ. ಹಸಾ ಅಲ್ಲ ಕಣ್ಲಾ ಅದು, ಬುಡಿ."

ಬಿಟ್ಟರು. ಒಬ್ಬ ಮಾತ್ರ ರೆಕ್ಕೆಯ ಜೊತೆ ಇಪ್ಪತ್ತು ಹೆಜ್ಜೆ ಓಡಿ ಆಮೇಲೆ ಬಿಟ್ಟ. ಬಾಲ ಎದ್ದಿತು, ಎದುರಿಗೆ ಏರಿ ಕಂಡಿತು. ಚಕ್ರಗಳು ಕುಲುಕುತ್ತಲೇ ಇದ್ದವು, ಏರಿಯ ಮೇಲೆ ನಿಂತಿದ್ದ ಹುಲ್ಲಿನ ಹೊರೆಯ ಹೆಂಗಸು ಹೊರೆ ಬಿಸಾಡಿ ಕೂತದ್ದು ಕಂಡಿತು. ಮೂಗು ಎತ್ತಬೇಕೆನಿಸಿತು. ಎತ್ತಲಿಲ್ಲ. ಆಮೇಲೆ ಎತ್ತಿದೆ. ಹೊಂಗೆಯ ಎಲೆಗಳು ಚಕ್ರಕ್ಕೆ ಸವರಿದ ಸದ್ದು ಕೇಳಿತೆಂದು ಹೇಳುತ್ತಿದ್ದೆ. ಆ ಎಂಜಿನ್ ಸದ್ದಿನಲ್ಲಿ ಎಲೆಯ ಸದ್ದು ಕೇಳುವುದು ಸಾಧ್ಯವಿಲ್ಲ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಏರಿಯ ಆಚೆ ತಗ್ಗಿನಲ್ಲಿ ಗದ್ದೆಗಳಿದ್ದವು, ಅವುಗಳ ಮೇಲೆ ವಿಮಾನ ಒಂದಿಷ್ಟು ಕುಸಿದು, ಉಸಿರು ತೆಗೆದುಕೊಂಡು, ಮೇಲೇರಿತು.

ಸಂಘದ ಪಟ್ಟಿಯಿಂದ ನನ್ನ ಹೆಸರು ಹೋಗಲಿಲ್ಲ. ಮಳೆಗಾಲಕ್ಕೆ ಮೊದಲು ಪರವಾನಗಿಯೂ ಬಂತು. ಅಷ್ಟಕ್ಕೇ ಮುಗಿಯಬೇಕಾಗಿತ್ತು. ಆದರೆ ಕ್ಯಾಪ್ಟನ್ ತಮ್ಮ ದೇಶಕ್ಕೆ ಹಿಂತಿರುಗುವ ಮೊದಲು ಕೊಟ್ಟ ಔತಣದಲ್ಲಿ ಈ ಕಥೆಯನ್ನು ಬೇರೆ ರೀತಿ ಹೇಳಿದರು. ಕೆರೆಯಿಂದ ವಿಮಾನವನ್ನು ಎಬ್ಬಿಸಿದವರು ಅವರಂತೆ, ಹುಡುಗ ಜೊತೆಗೆ ಕೂತಿದ್ದನಂತೆ. ಬೇಕೆಂದು ಸುಳ್ಳು ಹೇಳಿದರು ಎನ್ನಲಾರೆ. ನನ್ನ ಹಾಗೆ ಅವರೂ ಅದನ್ನು ಎಷ್ಟು ಸಲ ಹೇಳಿದ್ದರೋ. ನಾನು ಮೇಜಿನ ಆ ತುದಿಯಿಂದ ಎದ್ದು ಅದು ಹಾಗಲ್ಲ ಎಂದೆ. ಎಲ್ಲರೂ ನಕ್ಕರು. ಆಮೇಲೆ ಅವರ ಕಥೆಯೇ ಬಾಯಿಂದ ಬಾಯಿಗೆ ಹೋಗಿ ನಿಂತಿತು. ವಯಸ್ಸಾದಂತೆ ನನಗೂ ಸಂಶಯ ಬಂತು. ಕಣ್ಣು ಮುಚ್ಚಿದರೆ ಆ ಹಾರಾಟದಲ್ಲಿ ನನ್ನ ಮುಂದಿನ ಕುರ್ಚಿಯಲ್ಲಿ ಒಂದು ಚರ್ಮದ ಟೋಪಿ, ಅದರ ಕೆಳಗೆ ದಪ್ಪ ಕುತ್ತಿಗೆ ಕಾಣಿಸುತ್ತಿತ್ತು. ಅದು ಪಾಠದ ದಿನಗಳ ಟೋಪಿ ಎಂದು ತರ್ಕ ಹೇಳುತ್ತಿತ್ತು. ತರ್ಕ ಸಾಲಲಿಲ್ಲ.

ಸಂಘ ಮುಚ್ಚಿ, ಅದರ ಕಾಗದಪತ್ರಗಳು ಒಂದು ಸರ್ಕಾರಿ ಕಚೇರಿಯ ಬೀರುವಿಗೆ ಸೇರಿದ್ದವು. ಮೂರು ಸಲ ಅರ್ಜಿ ಕೊಟ್ಟೆ. ಮೂರನೆಯ ಸಲ ಗುಮಾಸ್ತ ಬೀರು ತೆರೆದು, ನೀವೇ ಹುಡುಕಿಕೊಳ್ಳಿ ಎಂದ. ವಿಮಾನದ ಹಾರಾಟದ 'ಲಾಗ್' ಪುಸ್ತಕ ಅಡಿಯಲ್ಲಿತ್ತು, ಬೆನ್ನು ಕಿತ್ತಿತ್ತು. ಆ ಶನಿವಾರದ ಸಾಲು ಕ್ಯಾಪ್ಟನ್‌ರ ಕೈಬರಹದಲ್ಲೇ ಇದೆ, ಕೆಳಗೆ ಅವರದೇ ರುಜು. ಕೈಲಾಂಚದಿಂದ ಬೆಂಗಳೂರು, ಮೂವತ್ತೈದು ನಿಮಿಷ. ಚಾಲಕ ಎಂಬಲ್ಲಿ ನನ್ನ ಹೆಸರು. ಜೊತೆಗಿದ್ದವರು ಎಂಬಲ್ಲಿ, ಯಾರೂ ಇಲ್ಲ.